ಕಡಿಮೆ ಜನ ಇರುವ ಜಾಗ

ಅಣು ವಿದ್ಯುತ್ ಸ್ಥಾವರವನ್ನು ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂಬುದಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1990ರಲ್ಲಿ ಒಂದು ಸಂಹಿತೆ ಹೊರಡಿಸಿತು. ಅದರ ಪ್ರಕಾರ ರಿಯಾಕ್ಟರಿನ ಸುತ್ತ ಒಂದೂವರೆ ಕಿಲೋಮೀಟರಿನ ಒಳಗೆ ಯಾರೂ ವಾಸ ಇರುವಂತಿರಲಿಲ್ಲ; 2014ರ ಪರಿಷ್ಕರಣೆಯಲ್ಲಿ ಅದು ಒಂದು ಕಿಲೋಮೀಟರಿಗೆ ಇಳಿಯಿತು. ಐದು ಕಿಲೋಮೀಟರಿನವರೆಗೆ ಈಗಾಗಲೇ ಇರುವವರು ಇರಬಹುದು, ಆದರೆ ಹೊರಗಿನಿಂದ ಬಂದು ಊರು ಬೆಳೆಸುವಂತಿಲ್ಲ. ಅಲ್ಲಿಯ ಒಟ್ಟು ಜನಸಂಖ್ಯೆ 20 ಸಾವಿರದೊಳಗೆ ಇದ್ದರೆ ಒಳ್ಳೆಯದು. ಹತ್ತು ಕಿಲೋಮೀಟರಿನೊಳಗೆ 10 ಸಾವಿರ ಜನಕ್ಕಿಂತ ದೊಡ್ಡ ಊರು ಇರಬಾರದು. ಮೂವತ್ತು ಕಿಲೋಮೀಟರಿನೊಳಗೆ ಲಕ್ಷ ಜನರ ಪಟ್ಟಣ ಇರಬಾರದು.

ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಏನಾದರೂ ಹೆಚ್ಚುಕಡಿಮೆ ಆದರೆ ಸ್ಥಳಾಂತರ ಮಾಡಬೇಕಾದ ಜನ ಕಡಿಮೆ ಇರಲಿ ಎಂದು ಯೋಚಿಸುವುದು ಬುದ್ಧಿವಂತಿಕೆಯೇ. ಆದರೆ ಈ ಅಳತೆಪಟ್ಟಿಯನ್ನು ತಂದು ನಮ್ಮ ಕರಾವಳಿಯ ಮೇಲೆ ಇಟ್ಟು ನೋಡಿ. 2011ರ ಜನಗಣತಿಯಲ್ಲೇ ಉಡುಪಿ ನಗರ ಒಂದು ಲಕ್ಷ ನಲವತ್ತು ಸಾವಿರ ದಾಟಿತ್ತು, ಮಂಗಳೂರು ಐದು ಲಕ್ಷದ ಹತ್ತಿರ ಇತ್ತು. ಅಂದರೆ ಕಾಪು, ಬ್ರಹ್ಮಾವರ, ಮೂಲ್ಕಿ, ಸುರತ್ಕಲ್, ಬಂಟ್ವಾಳ ಎಲ್ಲವೂ ಒಂದೇ ಏಟಿಗೆ ಪಟ್ಟಿಯಿಂದ ಹೊರಗೆ. ನಾವು ಬೀದಿಗೆ ಇಳಿಯಬೇಕಾಗಿಲ್ಲ, ಮನವಿ ಕೊಡಬೇಕಾಗಿಲ್ಲ. ನಮ್ಮ ಸಂಖ್ಯೆಯೇ ನಮ್ಮನ್ನು ಕಾಯುತ್ತದೆ.

ಹಾಗಾದರೆ ಈ ಪರೀಕ್ಷೆಯಲ್ಲಿ ಪಾಸಾಗುವವರು ಯಾರು? ಘಟ್ಟದ ಕೆಳಗಿನ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಮನೆ ಮಾಡಿಕೊಂಡವರು, ಕಡಲ ಅಂಚಿನ ಮೀನುಗಾರರು, ಬಯಲುಸೀಮೆಯ ಮಳೆ ಇಲ್ಲದ ಹಳ್ಳಿಯವರು. ಅಣುಶಕ್ತಿಯ ವಿರುದ್ಧ ನನಗಿರುವ ತಕರಾರು ಇಲ್ಲಿಂದ ಹುಟ್ಟುತ್ತದೆ. ಅಪಘಾತ ಆಗುತ್ತದೋ ಇಲ್ಲವೋ ಎಂಬ ಚರ್ಚೆ ಎಂಜಿನಿಯರುಗಳದು, ಅದನ್ನು ಅವರಿಗೇ ಬಿಡುತ್ತೇನೆ. ಅಪಘಾತ ಆಗದೇ, ಎಲ್ಲವೂ ಕ್ರಮಪ್ರಕಾರ ನಡೆದಾಗಲೂ ಅಪಾಯದ ಪಾಲು ಯಾರ ತಲೆಗೆ ಬರುತ್ತದೆ ಎಂಬುದನ್ನು ನಿಯಮ ಮೊದಲೇ ಬರೆದಿಟ್ಟಿದೆಯಲ್ಲ, ನನಗೆ ಅದು ಸರಿಕಾಣುವುದಿಲ್ಲ.

ನಾನು ವಿಜ್ಞಾನದವನಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಉಡುಪಿಯ ಕಡೆಯವರಿಗೆ ಬ್ಯಾಂಕ್ ಕೆಲಸ ಅಂದರೆ ವರ್ಗಾವಣೆ, ವರ್ಗಾವಣೆ ಅಂದರೆ ಎಲ್ಲೆಲ್ಲಿಯೋ ಊರು. ತೊಂಬತ್ತರ ದಶಕದಲ್ಲಿ ಒಂದಷ್ಟು ಕಾಲ ಕಾರವಾರದ ಕಡೆಯ ಒಂದು ಶಾಖೆಯಲ್ಲಿದ್ದೆ. ಕಾಳಿ ನದಿಗೆ ಒಂದರ ಹಿಂದೆ ಒಂದು ಅಣೆಕಟ್ಟು ಬೀಳುತ್ತಿದ್ದ ಕಾಲ ಅದು. ಸೂಪಾ ಅಷ್ಟು ಹೊತ್ತಿಗೆ ಮುಗಿದಿತ್ತು, ಕೊಡಸಳ್ಳಿ ಮತ್ತು ಕದ್ರಾ ಏಳುತ್ತಿದ್ದವು. ಕೈಗಾ ಸ್ಥಾವರಕ್ಕೆ ತಂಪು ಮಾಡಲು ಬೇಕಾದ ನೀರು ಕದ್ರಾದ ಹಿನ್ನೀರಿನದು.

ಜಮೀನು ಹೋದವರು ಪರಿಹಾರದ ಚೆಕ್ ಹಿಡಿದುಕೊಂಡು ಕೌಂಟರಿಗೆ ಬರುತ್ತಿದ್ದರು. ಒಬ್ಬರೇ ಬರುವುದು ಕಡಿಮೆ. ಮನೆಮಂದಿಯೆಲ್ಲ ಬಂದು ಗೋಡೆಗೆ ಒರಗಿ ಕೂರುತ್ತಿದ್ದರು. ಕುತ್ತಿಗೆ ತುಂಬ ಮಣಿಸರ ಹಾಕಿದ್ದ ಹಾಲಕ್ಕಿ ಸಮುದಾಯದ ಹೆಂಗಸೊಬ್ಬರು ಚೆಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಅದನ್ನು ಮತ್ತೊಂದು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಬಿಚ್ಚುವುದಕ್ಕೇ ಐದು ನಿಮಿಷ. ಹೆಬ್ಬೆಟ್ಟು ಒತ್ತಿಸಿಕೊಂಡೆವು. ಎಫ್‌ಡಿ ಮಾಡಿ ಅಂದೆ, ಅದು ನನ್ನ ಕೆಲಸ, ಠೇವಣಿಗೆ ಟಾರ್ಗೆಟ್ ಇತ್ತು. ಬಡ್ಡಿ ಎಷ್ಟು ಬರುತ್ತದೆ ಎಂದು ಕೇಳಿದರು, ಹೇಳಿದೆ. ಆಮೇಲೆ ಅವರು ಕೇಳಿದ್ದು, "ಗದ್ದೆ ಇದ್ದಾಗ ಕುಚ್ಚಲಕ್ಕಿ ಕೊಳ್ಳುತ್ತಿರಲಿಲ್ಲ. ಈ ಬಡ್ಡಿಯಲ್ಲಿ ಅಕ್ಕಿ ಬರ್ತದಾ?" ಆಗಿನ ದರಕ್ಕೆ ಬರುತ್ತಿತ್ತು. ಹಾಗಂತ ಹೇಳಿದೆ. ಮುಂದಿನ ಇಪ್ಪತ್ತು ವರ್ಷದಲ್ಲಿ ಅಕ್ಕಿಯ ದರ ಎತ್ತ ಹೋಯಿತು, ಠೇವಣಿಯ ಬಡ್ಡಿ ಎತ್ತ ಹೋಯಿತು ಎಂಬುದು ನಿವೃತ್ತರಾದ ನಮಗೆಲ್ಲ ಗೊತ್ತಿರುವ ವಿಷಯ.

ಕೈಗಾ ಬೇಡ ಎಂದು ಹೋರಾಡಿದವರಲ್ಲಿ ನಮ್ಮ ಕೋಟದ ಶಿವರಾಮ ಕಾರಂತರು ಮುಂದೆ ಇದ್ದರು ಎಂಬುದನ್ನು ಈಗಿನ ಹುಡುಗರಿಗೆ ನೆನಪಿಸಬೇಕಾಗುತ್ತದೆ. 1989ರಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಗೆಲ್ಲಲಿಲ್ಲ. ಗೆಲ್ಲುತ್ತೇನೆಂಬ ಭ್ರಮೆ ಅವರಿಗೂ ಇದ್ದಿರಲಾರದು. ಹೊನ್ನಾವರದ ಡಾ. ಕುಸುಮಾ ಸೊರಬ ಅವರಂಥವರು ಹಳ್ಳಿ ಹಳ್ಳಿ ತಿರುಗಿದರು. ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದ್ದಾಯಿತು. ಕೈಗಾ ನಿಲ್ಲಲಿಲ್ಲ. 1994ರ ಮೇ ತಿಂಗಳಲ್ಲಿ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಇನ್ನೂ ಕಟ್ಟುತ್ತಿದ್ದ ಹಂತವಾದ್ದರಿಂದ ಒಳಗೆ ಇಂಧನ ಇರಲಿಲ್ಲ. ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು. 2000ರಲ್ಲಿ ಎರಡು ಘಟಕ, 2007ರಲ್ಲಿ ಮೂರನೆಯದು, 2011ರಲ್ಲಿ ನಾಲ್ಕನೆಯದು ವಾಣಿಜ್ಯ ಉತ್ಪಾದನೆ ಶುರು ಮಾಡಿದವು. ತಲಾ 220 ಮೆಗಾವಾಟ್. ಮೊದಲ ಘಟಕ 962 ದಿನ ನಿಲ್ಲದೆ ಓಡಿ 2018ರಲ್ಲಿ ವಿಶ್ವದಾಖಲೆ ಮಾಡಿತು. ಅದನ್ನು ಹೇಳದೆ ಬಿಡುವುದು ಸರಿಯಲ್ಲ, ಅಲ್ಲಿ ಕೆಲಸ ಮಾಡುವವರ ನಿಪುಣತೆ ದೊಡ್ಡದು.

ಆ ಕೆಲಸ ಮಾಡುವವರ ಬಗ್ಗೆಯೇ ಒಂದು ಮಾತು. ವಿಕಿರಣದ ಮಿತಿ ಎಂಬುದು ಎಲ್ಲರಿಗೂ ಒಂದೇ ಅಲ್ಲ. ಹೊರಗಿನ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ ಅದು). ಸ್ಥಾವರದ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30 ಮೀರಬಾರದು. ಕೆಲಸಗಾರ ತಿಳಿದೇ ಒಪ್ಪಿಕೊಂಡು ಬಂದವನು, ಸಂಬಳ ಪಡೆಯುವವನು, ಅವನ ಡೋಸನ್ನು ಅಳೆಯುತ್ತಾರೆ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಕಾಯಂ ಎಂಜಿನಿಯರಿಗೆ ಈ ಸಮರ್ಥನೆ ಒಪ್ಪುತ್ತದೆ. ಭೂಮಿ ಹೋದ ಮೇಲೆ ಬೇರೆ ದಾರಿ ಇಲ್ಲದೆ ಗುತ್ತಿಗೆಯಲ್ಲಿ ಒರೆಸುವ, ಹೊರುವ, ತೊಳೆಯುವ ಕೆಲಸಕ್ಕೆ ಸೇರಿದವನ "ಒಪ್ಪಿಗೆ"ಯೂ ಅಷ್ಟೇ ತೂಕದ್ದೇ? 2009ರ ನವೆಂಬರಿನಲ್ಲಿ ಕೈಗಾದ ಒಳಗಿನ ಕುಡಿಯುವ ನೀರಿನ ಕೂಲರಿಗೆ ಯಾರೋ ರಿಯಾಕ್ಟರಿನಲ್ಲಿ ಬಳಸುವ ಭಾರಜಲವನ್ನು, ವಿಕಿರಣ ಸೂಸುವ ಟ್ರಿಟಿಯಂ ಇದ್ದದ್ದನ್ನು, ಬೆರೆಸಿದರು. ಐವತ್ತಕ್ಕೂ ಹೆಚ್ಚು ಮಂದಿಯ ಮೂತ್ರಪರೀಕ್ಷೆಯಲ್ಲಿ ಅದು ಸಿಕ್ಕಿಬಿತ್ತು. ಟ್ರಿಟಿಯಂ ನೀರಿನಂತೆಯೇ ಮೈಯೊಳಗೆ ಓಡಾಡುವ ವಸ್ತು, ಹಾಗಾಗಿ ಚಿಕಿತ್ಸೆಯೂ ನೀರು ಕುಡಿಸಿ ಮೂತ್ರದಲ್ಲಿ ಹೊರಹಾಕಿಸುವುದೇ. ನಿಯಮಿತ ಪರೀಕ್ಷೆ ಇದ್ದದ್ದರಿಂದ ಗೊತ್ತಾಯಿತು. ಬೇಲಿಯ ಹೊರಗಿನ ಮಲ್ಲಾಪುರದವನಿಗೆ ಅಂಥ ಪರೀಕ್ಷೆ ಇಲ್ಲ.

ಕೈಗಾದ ಲೆಕ್ಕ ಕೈಗಾದಲ್ಲಿ ಶುರುವಾಗುವುದಿಲ್ಲ. ಭಾರತ ಮತ್ತು ಅಮೆರಿಕದ ಅಣು ಒಪ್ಪಂದದ ಸಂದರ್ಭದಲ್ಲಿ ನಮ್ಮ ಸ್ಥಾವರಗಳನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಳಪಡುವವು, ಒಳಪಡದವು ಎಂದು ಎರಡು ಗುಂಪು ಮಾಡಿದರು. ಕೈಗಾದ ನಾಲ್ಕೂ ಘಟಕಗಳು ಎರಡನೆಯ ಗುಂಪಿನಲ್ಲಿ ಉಳಿದವು. ಇದರ ಒಂದು ಪರಿಣಾಮವನ್ನು ನಾವು ಗಮನಿಸುವುದಿಲ್ಲ: ಆಮದು ಮಾಡಿದ ಯುರೇನಿಯಂ ಅಲ್ಲಿ ಉರಿಸುವ ಹಾಗಿಲ್ಲ. ದೇಶದೊಳಗೆ ಅಗೆದದ್ದೇ ಆಗಬೇಕು. ದೇಶದೊಳಗೆ ಅಗೆಯುವುದು ಅಂದರೆ ಮುಖ್ಯವಾಗಿ ಜಾರ್ಖಂಡಿನ ಪೂರ್ವ ಸಿಂಗಭೂಮ್ ಜಿಲ್ಲೆ, ಆಮೇಲೆ ಆಂಧ್ರದ ಕಡಪಾ ಬಳಿಯ ತುಮ್ಮಲಪಲ್ಲೆ.

ಆ ಸಿಂಗಭೂಮ್‌ನ ಜಾದೂಗುಡದಲ್ಲಿ ಅರವತ್ತರ ದಶಕದ ಕೊನೆಯಲ್ಲಿ ಗಣಿ ಶುರುವಾಯಿತು. ಸುತ್ತ ಇರುವವರು ಸಂತಾಲ, ಹೋ, ಮುಂಡಾ ಆದಿವಾಸಿಗಳು. ಅಲ್ಲಿಯ ಅದಿರು ತೀರಾ ತೆಳುವು. ಒಂದು ಟನ್ ಬಂಡೆ ಒಡೆದು ಪುಡಿ ಮಾಡಿ ಆಮ್ಲದಲ್ಲಿ ತೊಳೆದರೆ ಸಿಗುವುದು ಸುಮಾರು ಅರ್ಧ ಕಿಲೋದಷ್ಟು. ಉಳಿದ ಒಂಬೈನೂರ ತೊಂಬತ್ತೊಂಬತ್ತು ಕಿಲೋ ಚಿಲ್ಲರೆ ಕೆಸರು ಅಲ್ಲೇ ಉಳಿಯುತ್ತದೆ. ಯುರೇನಿಯಂ ಹೋಯಿತಲ್ಲ, ಇನ್ನು ಕೆಸರಿಗೇನು ಭಯ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಅದಿರಿನಲ್ಲಿದ್ದ ವಿಕಿರಣದ ಶೇಕಡಾ ಎಂಬತ್ತಕ್ಕೂ ಹೆಚ್ಚು ಪಾಲು ಕೆಸರಿನಲ್ಲೇ ಇರುತ್ತದೆ: ಥೋರಿಯಂ-230, ರೇಡಿಯಂ, ಅದರಿಂದ ಹುಟ್ಟುವ ರೇಡಾನ್ ಅನಿಲ. ಯುರೇನಿಯಂ ಹೈದರಾಬಾದಿಗೆ ಹೋಗಿ ಇಂಧನದ ಕಡ್ಡಿಯಾಗಿ ಕೈಗಾಕ್ಕೆ ಬರುತ್ತದೆ. ಅದರ ಪರಿವಾರವೆಲ್ಲ ಜಾದೂಗುಡದ ಕೆಸರುಕೊಳದಲ್ಲಿ ಕೂರುತ್ತದೆ.

ಥೋರಿಯಂ-230 ಅರ್ಧಕ್ಕೆ ಇಳಿಯಲು ಬೇಕಾದ ಕಾಲ ಸುಮಾರು 75 ಸಾವಿರ ವರ್ಷ, ರೇಡಿಯಂಗೆ 1,600 ವರ್ಷ. ಉಡುಪಿಯಲ್ಲಿ ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠಾಪಿಸಿ ಇನ್ನೂ ಎಂಟುನೂರು ವರ್ಷ ತುಂಬಿಲ್ಲ. ಎರಡು ವರ್ಷಕ್ಕೊಮ್ಮೆ ತಪ್ಪದೆ ಪರ್ಯಾಯ ನಡೆಸಿ, ಯಾರು ಯಾವಾಗ ಯಾರಿಗೆ ಕೀಲಿ ಕೊಟ್ಟರು ಎಂದು ನೆನಪಿಟ್ಟುಕೊಂಡ ಊರು ನಮ್ಮದು. ಅಂಥ ನಮಗೂ 1,600 ವರ್ಷದ ಉಸ್ತುವಾರಿ ಎಂದರೆ ಏನೆಂದು ಊಹಿಸಲು ಆಗುವುದಿಲ್ಲ.

1996ರಲ್ಲಿ ಮೂರನೆಯ ಕೆಸರುಕೊಳಕ್ಕಾಗಿ ಚಾಟಿಕೋಚಾ ಎಂಬ ಹಳ್ಳಿಯಲ್ಲಿ ಮನೆಗಳ ಮೇಲೆ ಬುಲ್ಡೋಜರ್ ಹರಿಸಿದರು. 2006ರ ಡಿಸೆಂಬರಿನಲ್ಲಿ ಕೆಸರು ಒಯ್ಯುವ ಕೊಳವೆ ಒಡೆದು ತೊರೆಗೆ ಹರಿಯಿತು. ಒಡೆದದ್ದನ್ನು ಕಂಡು ಸುದ್ದಿ ಮುಟ್ಟಿಸಿದವರು ಊರಿನವರೇ. ಅಲ್ಲಿ ಅಂಗವೈಕಲ್ಯದ ಮಕ್ಕಳು ಹೆಚ್ಚು ಹುಟ್ಟುತ್ತಿದ್ದಾರೆ, ಕ್ಯಾನ್ಸರ್ ಹೆಚ್ಚು ಎಂದು ವೈದ್ಯರ ಸಂಘಟನೆಯೊಂದು ಮನೆಮನೆ ಸಮೀಕ್ಷೆ ಮಾಡಿ ಹೇಳಿತು. ಗಣಿ ನಡೆಸುವವರು ಒಪ್ಪಲಿಲ್ಲ. ವಿಕಿರಣ ಮಿತಿಯೊಳಗೇ ಇದೆ, ಕಾಯಿಲೆಗೆ ಬಡತನ, ಕುಡಿತ, ಅಪೌಷ್ಟಿಕತೆ ಕಾರಣ ಎಂದರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿ 2004ರಲ್ಲಿ ವಜಾ ಆಯಿತು, ಅಗತ್ಯ ಕ್ರಮ ತೆಗೆದುಕೊಂಡಿದ್ದೇವೆ ಎಂಬ ಸರ್ಕಾರದ ಪ್ರಮಾಣಪತ್ರದ ಆಧಾರದಲ್ಲಿ.

ಯಾರ ಸಮೀಕ್ಷೆ ಸರಿ ಎಂದು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ನನ್ನ ತಕರಾರು ಅದಕ್ಕೂ ಮುಂಚಿನದು. ಸಾಬೀತು ಮಾಡುವ ಭಾರ ಯಾರ ಮೇಲಿದೆ? ಅಳೆಯುವ ಯಂತ್ರ, ಪ್ರಯೋಗಾಲಯ, ಹಳೆಯ ದಾಖಲೆ, ವಿಜ್ಞಾನಿ ಎಲ್ಲ ಒಂದು ಕಡೆ. ಇನ್ನೊಂದು ಕಡೆ ಮಗುವನ್ನು ಎತ್ತಿಕೊಂಡು ನಿಂತ ತಾಯಿ. ನೀನು ಕಾರಣ ಸಾಬೀತು ಮಾಡು ಎಂದು ಹೇಳುವುದು ಅವಳಿಗೆ. ಮೇಲಾಗಿ 1962ರ ಅಣುಶಕ್ತಿ ಕಾಯ್ದೆಯ 18ನೇ ಕಲಮು ಸ್ಥಾವರ ಮತ್ತು ಸಾಮಗ್ರಿಗಳ ಮಾಹಿತಿಯನ್ನು ತಡೆಹಿಡಿಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿತು. ದಾಖಲೆ ಒಳಗೆ ಇಟ್ಟುಕೊಂಡು ಹೊರಗಿನವನಿಗೆ ಸಾಕ್ಷಿ ತಾ ಅನ್ನುವುದು ಯಾವ ಊರ ನ್ಯಾಯ ಮಾರಾಯ್ರೆ?

ಮಲ್ಪೆ ಬಂದರಿನ ಬೋಟುಗಳಲ್ಲಿ ಈಗ ಜಾರ್ಖಂಡ್, ಒಡಿಶಾದ ಹುಡುಗರು ಬಹಳ. ಬಲೆ ಎಳೆಯುವುದು, ಮಂಜುಗಡ್ಡೆ ಹೊರುವುದು, ಮೀನು ವಿಂಗಡಿಸುವುದು. ಸಂತಾಲಿ ಮಾತಾಡುವವರೂ ಇದ್ದಾರೆ. ಅವರ ಊರಿನ ಬಂಡೆ ನಮ್ಮ ಗ್ರಿಡ್ಡಿಗೆ ಬಂದು, ಅವರು ಮಂಜುಗಡ್ಡೆ ಹೊರಲು ಬಂದಿದ್ದಾರೆ. ಮೆಸ್ಕಾಂ ಬಿಲ್ಲಿನಲ್ಲಿ ಇಂಧನ ವೆಚ್ಚ ಹೊಂದಾಣಿಕೆ ಎಂದು ಒಂದು ಸಾಲು ಇರುತ್ತದೆ, ಯೂನಿಟ್ಟಿಗೆ ಇಷ್ಟು ಪೈಸೆ ಎಂದು. ನಾನು ತಿಂಗಳು ತಿಂಗಳು ಅದನ್ನು ಗೊಣಗುತ್ತಾ ಕಟ್ಟುತ್ತೇನೆ. ಜಾದೂಗುಡದ ವೆಚ್ಚ ಆ ಸಾಲಿನಲ್ಲಿ ಇಲ್ಲ.

ನಮ್ಮ ರಾಜ್ಯಕ್ಕೂ ಇದು ಬರಲಿದ್ದ ವಿಷಯವೇ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಜಾದೂಗುಡಕ್ಕಿಂತ ಗಟ್ಟಿಯಾದ ಅದಿರು ಸಿಕ್ಕಿತು. ಪರಿಶೋಧನೆಯ ಸುರಂಗವನ್ನೂ ತೋಡಿದರು. ಊರಿನವರು ಎದ್ದು ನಿಂತರು. ದಕ್ಷಿಣ ಕನ್ನಡದಲ್ಲಿ ಒಂದು ರಸ್ತೆಗುಂಡಿಯ ಫೋಟೊ ಮರುದಿನದ ಪೇಪರಿನಲ್ಲಿ ಬರುತ್ತದೆ. ಗೋಗಿಯ ಬಗ್ಗೆ ನಮ್ಮ ಕಡೆಯ ಪೇಪರಿನಲ್ಲಿ ನಾನು ಓದಿದ ನೆನಪೇ ಇಲ್ಲ.

ಇದು ಭಾರತದ ಬಡತನದ ಕಥೆ ಅಂದುಕೊಳ್ಳುವವರು ಅಮೆರಿಕ, ಆಸ್ಟ್ರೇಲಿಯಾಗಳನ್ನು ನೋಡಬೇಕು. ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದ ಅಪಘಾತ 1979ರ ಮಾರ್ಚಿನದು, ಲೋಕಕ್ಕೆಲ್ಲ ಗೊತ್ತು. ಅದೇ ವರ್ಷದ ಜುಲೈಯಲ್ಲಿ ನ್ಯೂ ಮೆಕ್ಸಿಕೋದ ಚರ್ಚ್ ರಾಕ್‌ನಲ್ಲಿ ಯುರೇನಿಯಂ ಕೆಸರುಕೊಳದ ದಂಡೆ ಒಡೆದು ಸಾವಿರ ಟನ್ನಿಗೂ ಹೆಚ್ಚು ಕೆಸರು, ಕೋಟಿಗಟ್ಟಲೆ ಗ್ಯಾಲನ್ ಕಲುಷಿತ ನೀರು ಪುವೆರ್ಕೊ ನದಿಗೆ ಸೇರಿತು. ನದಿಯ ದಡದಲ್ಲಿ ಕುರಿ ಮೇಯಿಸುತ್ತಿದ್ದವರು ಅಲ್ಲಿಯ ಮೂಲನಿವಾಸಿಗಳಾದ ನವಾಹೋ ಜನ. ಅವರ ನೆಲದಲ್ಲಿ ಬಿಟ್ಟುಹೋದ ಯುರೇನಿಯಂ ಗಣಿಗಳು ಇವತ್ತಿಗೂ ಐನೂರಕ್ಕೂ ಹೆಚ್ಚು. 2005ರಲ್ಲಿ ಅವರು ತಮ್ಮ ನೆಲದಲ್ಲಿ ಯುರೇನಿಯಂ ಗಣಿಗಾರಿಕೆಯನ್ನೇ ಕಾನೂನು ಮಾಡಿ ನಿಷೇಧಿಸಿದರು.

ಆಸ್ಟ್ರೇಲಿಯಾದ ಮಿರಾರ್ ಜನರ ಕಥೆ ಮಾತ್ರ ನನ್ನನ್ನು ಬೇರೆ ತರಹ ತಟ್ಟಿತು. 1976ರಲ್ಲಿ ಅಲ್ಲಿಯ ಸರ್ಕಾರ ಮೂಲನಿವಾಸಿಗಳಿಗೆ ತಮ್ಮ ನೆಲದಲ್ಲಿ ಗಣಿ ಬೇಡ ಎನ್ನುವ ಹಕ್ಕು ಕೊಟ್ಟಿತು. ಅದೇ ಕಾನೂನಿನಲ್ಲಿ, ಮಿರಾರ್ ನೆಲದ ರೇಂಜರ್ ಎಂಬ ಯುರೇನಿಯಂ ಗಣಿಗೆ ಈ ಹಕ್ಕು ಅನ್ವಯಿಸದು ಎಂದೂ ಬರೆದಿತ್ತು. ಗಣಿ ನಡೆಯಿತು. ಅದರ ಯುರೇನಿಯಂ ಜಪಾನಿಗೂ ಹೋಯಿತು. 2011ರಲ್ಲಿ ಜಪಾನಿನ ಫುಕುಶಿಮಾ ಸ್ಥಾವರದ ಅನಾಹುತ ಆದ ಮೇಲೆ ಮಿರಾರ್ ಹಿರಿಯರಾದ ಇವಾನ್ ಮಾರ್ಗರುಲಾ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ಪತ್ರ ಬರೆದರು: ಆ ಅನಾಹುತದಲ್ಲಿ ನಮ್ಮ ನೆಲದಿಂದ ಹೋದ ಯುರೇನಿಯಂ ಇದ್ದಿರಬಹುದು, ಅದು ನಮಗೆ ದುಃಖ ತಂದಿದೆ ಎಂದು. ಬೇಡ ಅಂದವರು ಅವರು. ಅಗೆದವರು, ಮಾರಿದವರು, ಕೊಂಡವರು, ಉರಿಸಿದವರು ಬೇರೆ. ಈ ಸರಪಳಿಯಲ್ಲಿ ಪತ್ರ ಬರೆಯಬೇಕು ಎಂದು ತೋಚಿದ್ದು ಅವರಿಗೆ.

ಇಷ್ಟನ್ನು ಹೇಳಿದಾಗ ನನ್ನ ಅಕ್ಕನ ಮಗ ಒಂದು ಪ್ರಶ್ನೆ ಎತ್ತುತ್ತಾನೆ. ಎಂಜಿನಿಯರ್, ಬೆಂಗಳೂರಿನಲ್ಲಿದ್ದಾನೆ, ಹವಾಮಾನದ ಬಗ್ಗೆ ಪ್ರಾಮಾಣಿಕವಾದ ಆತಂಕ ಇರುವವನು. "ಮಾವ, ಹಾಗಾದರೆ ನಿಮಗೆ ಕಲ್ಲಿದ್ದಲು ಆಗಬಹುದಾ? ಎಲ್ಲೂರು ನಿಮ್ಮ ಪಕ್ಕದಲ್ಲೇ ಉಂಟಲ್ಲ."

ಉಂಟು. ಪಡುಬಿದ್ರಿ ಪಕ್ಕದ ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಇದೆ. ಅದರ ವಿರುದ್ಧ ನಂದಿಕೂರಿನ ಸುತ್ತಿನವರು ದಶಕಗಟ್ಟಲೆ ಹೋರಾಡಿದ್ದಾರೆ. ಪರಿಸರಕ್ಕೆ ಆದ ಹಾನಿಗಾಗಿ ಸುಮಾರು 52 ಕೋಟಿ ರೂಪಾಯಿ ಕಟ್ಟಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ಆದೇಶಿಸಿತು. ಆ ಕಡೆ ಮಲ್ಲಿಗೆ ಬೆಳೆಯುವವರ ಅಂಗಳಕ್ಕೆ ಹೋದವರಿಗೆ ಗೊತ್ತು. ಶಂಕರಪುರ ಮಲ್ಲಿಗೆ ನಮ್ಮ ಕಡೆ ಸಣ್ಣ ಹಿಡುವಳಿಯವರ, ಅದರಲ್ಲೂ ಹೆಂಗಸರ ಕೈಯ ಬೆಳೆ. ಬೆಳಗ್ಗೆ ಬೇಗ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅಟ್ಟೆ ಲೆಕ್ಕದಲ್ಲಿ ಮಾರುತ್ತಾರೆ. ಪರಿಚಯದ ಮನೆಯೊಂದರಲ್ಲಿ ಗಿಡದ ಎಲೆಯನ್ನು ಬೆರಳಲ್ಲಿ ಉಜ್ಜಿ ತೋರಿಸಿದರು. ಬೆರಳ ತುದಿಗೆ ಬೂದುಬಣ್ಣದ ನುಣ್ಣನೆ ಹುಡಿ. ಎಲೆಯ ಅಂಚು ಸುಟ್ಟ ಹಾಗೆ ಕಂದು. ಬೂದಿಯಿಂದ ಅಂತ ಅವರೆಂದರು, ಕೂಲಿಂಗ್ ಟವರಿನಿಂದ ಗಾಳಿಯಲ್ಲಿ ಬರುವ ಉಪ್ಪುನೀರಿನ ಹನಿಯಿಂದ ಅಂತ ಪಕ್ಕದ ಮನೆಯವರೆಂದರು. ಅಲ್ಲಿಯೂ ಅದೇ ರಾಮಾಯಣ, ಸಾಬೀತು ಮಾಡು ಎಂಬುದು.

ಹಾಗಾಗಿ ಕಲ್ಲಿದ್ದಲಿನ ಪರ ವಾದಿಸಲು ನನಗೆ ಬಾಯಿಲ್ಲ. ಅಳಿಯನ ಅಂಕಿ ಅಂಶ ಸರಿಯೇ: ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಜೀವ ಹೋಗುತ್ತದೆ ಎಂದು ಲೆಕ್ಕ ಹಾಕಿದರೆ ಕಲ್ಲಿದ್ದಲಿನ ಹೊಗೆಯ ಮುಂದೆ ಅಣು ಏನೂ ಅಲ್ಲ. ಕಡಲು ಮುಂದೆ ಬಂದಾಗ ಮೊದಲು ಮನೆ ಕಳೆದುಕೊಳ್ಳುವವರೂ ಉಳ್ಳಾಲ, ಪಡುಬಿದ್ರಿ, ಮರವಂತೆಯ ಮೊಗವೀರರೇ. ಸೌರವಿದ್ಯುತ್ತೂ ದೇವರು ಕೊಟ್ಟ ವರ ಅಲ್ಲ. ಪಾವಗಡದ 13 ಸಾವಿರ ಎಕರೆ ಸೌರ ಪಾರ್ಕಿನಲ್ಲಿ ಜಮೀನಿದ್ದವರಿಗೆ ವರ್ಷ ವರ್ಷ ಗೇಣಿ ಬರುತ್ತದೆ, ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬರುವುದಿಲ್ಲ. ಜಲವಿದ್ಯುತ್ತಂತೂ ಕೇಳಲೇಬೇಡಿ, ಶರಾವತಿ ಮುಳುಗಡೆಯವರು ಆರು ದಶಕದ ಮೇಲೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ.

ಆದರೂ ನನಗೆ ಅಣುವಿನದು ಬೇರೆ ಜಾತಿಯ ಅನ್ಯಾಯ ಎಂದೇ ಕಾಣುತ್ತದೆ. ಬ್ಯಾಂಕಿನವನಾದ್ದರಿಂದ ಇದು ನನಗೆ ಜಾಮೀನಿನ ಹಾಗೆ ಕಾಣುತ್ತದೆ. ಸಾಲ ಪಡೆದವನು ಒಬ್ಬ, ಜಾಮೀನು ನಿಂತವನು ಇನ್ನೊಬ್ಬ. ಹಣ ಬಳಸಿದವನು ಕೈಯೆತ್ತಿದರೆ ಜಾಮೀನುದಾರನ ಮನೆಗೆ ನೋಟಿಸ್ ಹೋಗುತ್ತದೆ. ಇದರಲ್ಲೂ ಒಂದು ಕಟ್ಟುನಿಟ್ಟು ಇದೆ: ಜಾಮೀನುದಾರನೇ ಬಂದು, ಓದಿ, ಪ್ರತಿ ಪುಟಕ್ಕೂ ಸಹಿ ಹಾಕದಿದ್ದರೆ ಸಾಲ ಮಂಜೂರಾಗುವುದಿಲ್ಲ. ಕೈಗಾದ, ಜಾದೂಗುಡದ ಜನರನ್ನು ನಾವು ಸಹಿ ಇಲ್ಲದ ಜಾಮೀನುದಾರರನ್ನಾಗಿ ಮಾಡಿದ್ದೇವೆ. ಎಲ್ಲೂರಿನ ಸ್ಥಾವರವನ್ನು ನಾಳೆ ಮುಚ್ಚಿದರೆ ಹಾರುಬೂದಿ ನಿಲ್ಲುತ್ತದೆ, ಹತ್ತಿಪ್ಪತ್ತು ಮಳೆಗಾಲದಲ್ಲಿ ಮಲ್ಲಿಗೆ ಚಿಗುರಬಹುದು. ಪಾವಗಡದ ಗುತ್ತಿಗೆ ಮುಗಿದರೆ ಜಮೀನು ವಾಪಸು. ಜಾದೂಗುಡದ ಜಾಮೀನಿಗೆ ಅವಧಿಯೇ ಇಲ್ಲ, ಅದನ್ನು ಹುಟ್ಟಲಿರುವ ಮಕ್ಕಳ ಹೆಸರಿನಲ್ಲೂ ಬರೆದಾಗಿದೆ. ಹೊಣೆಗೆ ಮಾತ್ರ ಮಿತಿ ಇದೆ: 2010ರ ಅಣು ಹೊಣೆಗಾರಿಕೆ ಕಾಯ್ದೆ ಸ್ಥಾವರ ನಡೆಸುವವರ ಪರಿಹಾರದ ಬಾಧ್ಯತೆಯನ್ನು 1,500 ಕೋಟಿ ರೂಪಾಯಿಗೆ ನಿಲ್ಲಿಸಿತು.

ಸಹಿ ಹಾಕುವುದಿಲ್ಲ ಎಂದವರಿಗೆ ಏನಾಯಿತು ಎಂಬುದಕ್ಕೆ ತಮಿಳುನಾಡಿನ ಕೂಡಂಕುಳಂ ಅಣು ಸ್ಥಾವರ ಇದೆ. ಪಕ್ಕದ ಇಡಿಂದಕರೈ ಮೀನುಗಾರರ ಊರು. ಫುಕುಶಿಮಾ ನೋಡಿದ ಮೇಲೆ ಅವರು ಚರ್ಚಿನ ಮುಂದಿನ ಚಪ್ಪರದಲ್ಲಿ ಕೂತರು, ದೋಣಿ ತಂದು ಕಡಲಲ್ಲಿ ನಿಂತರು, ಮರಳಿನಲ್ಲಿ ಹೂತುಕೊಂಡು ನಿಂತರು. ಸಾವಿರಾರು ಜನರ ಮೇಲೆ ರಾಜದ್ರೋಹದ ಕೇಸು ಬಿತ್ತು. 2012ರ ಸೆಪ್ಟೆಂಬರಿನಲ್ಲಿ ಪೊಲೀಸರ ಗುಂಡಿಗೆ ಒಬ್ಬ ಮೀನುಗಾರ ಸತ್ತರು. 2013ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸ್ಥಾವರಕ್ಕೆ ಅಸ್ತು ಎಂದಿತು. ಪ್ರತಿಭಟನಕಾರರ ಮೇಲಿನ ಕೇಸುಗಳನ್ನು ಹಿಂತೆಗೆದುಕೊಳ್ಳಲು ಪ್ರಯತ್ನಿಸಿ ಎಂದೂ ಹೇಳಿತು. ಮೀನು ಹಿಡಿಯುವುದನ್ನು ಬಿಟ್ಟರೆ ಬೇರೇನೂ ಗೊತ್ತಿಲ್ಲದವರು ದೇಶದ್ರೋಹಿಗಳಾಗಿ ಕೋರ್ಟು ಅಲೆದರು. ಇದೇ ಕೆಲಸವನ್ನು ಮಲ್ಪೆಯಲ್ಲಿ ಮಾಡಿದ್ದರೆ? ಮಲ್ಪೆಯವರಿಗೆ ಶಾಸಕರು ಇದ್ದಾರೆ, ಸಂಘ ಇದೆ, ದುಬೈಯಲ್ಲಿ ನೆಂಟರಿದ್ದಾರೆ, ಟಿವಿಯವರ ಫೋನ್ ನಂಬರ್ ಇದೆ. ಮೊದಲೇ ಹೇಳಿದ ಹಾಗೆ ಮಲ್ಪೆಗೆ ಆ ಪರೀಕ್ಷೆಯೇ ಬರುವುದಿಲ್ಲ, ಪಕ್ಕದಲ್ಲಿ ಉಡುಪಿ ಇದೆ.

2047ಕ್ಕೆ 100 ಗಿಗಾವಾಟ್ ಅಣು ವಿದ್ಯುತ್ ಎಂದು 2025ರ ಬಜೆಟ್ಟಿನಲ್ಲಿ ಘೋಷಿಸಿದ್ದಾರೆ. ಆಗ ದೇಶದಲ್ಲಿ ಇದ್ದದ್ದು ಎಂಟು ಗಿಗಾವಾಟಿನ ಆಸುಪಾಸು. ಕೈಗಾದಲ್ಲಿ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳಿಗೆ 2017ರಲ್ಲೇ ಒಪ್ಪಿಗೆ ಸಿಕ್ಕಿದೆ. ಒಮ್ಮೆ ಹೌದು ಎನಿಸಿಕೊಂಡ ಜಾಗಕ್ಕೇ ಮತ್ತೆ ಮತ್ತೆ ಹೋಗುವುದು ಸುಲಭ. ರಸ್ತೆ ಇದೆ, ಲೈನ್ ಇದೆ, ಟೌನ್‌ಶಿಪ್ ಇದೆ, ವಿರೋಧಿಸಿ ಸುಸ್ತಾದ ಜನ ಇದ್ದಾರೆ. ಕಾಳಿ ಕಣಿವೆಗೆ ಅಣೆಕಟ್ಟು ಬಂತು, ಅಣೆಕಟ್ಟು ಇದೆ ಎಂದು ಸ್ಥಾವರ ಬಂತು, ಸ್ಥಾವರ ಇದೆ ಎಂದು ಇನ್ನೆರಡು ಘಟಕ. ಅತ್ತ ಕಾರವಾರದ ಕಡಲ ಬದಿಯಲ್ಲಿ ಸೀಬರ್ಡ್ ನೌಕಾನೆಲೆಗೆ ಒಕ್ಕಲೆದ್ದವರಲ್ಲೂ ಹಾಲಕ್ಕಿಗಳಿದ್ದರು. ಒಂದೇ ಜಿಲ್ಲೆ ಎಷ್ಟು ಸಲ ದೇಶಕ್ಕಾಗಿ ತ್ಯಾಗ ಮಾಡಬೇಕು ಎಂದು ಅಲ್ಲಿಯವರು ಕೇಳಿದರೆ ಉತ್ತರಿಸಲು ದಕ್ಷಿಣದ ಎರಡು ಜಿಲ್ಲೆಯವರಾದ ನಮಗೆ ಮುಖ ಇಲ್ಲ.

ಉರಿದು ಮುಗಿದ ಮೇಲೆ ಉಳಿಯುವುದರ ಮಾತು ಬಾಕಿ ಇದೆ. 1980ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ, ನೆಲದಡಿ ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ, ಅಣುಶಕ್ತಿ ವಿಜ್ಞಾನಿಗಳು ಹೀಟರ್ ಇಟ್ಟು ಪ್ರಯೋಗ ಮಾಡಿದರು: ಬಿಸಿಯಾದ ತ್ಯಾಜ್ಯವನ್ನು ಹೂತರೆ ಬಂಡೆ ಹೇಗೆ ವರ್ತಿಸುತ್ತದೆ ಎಂದು ತಿಳಿಯಲು. ಗಣಿ 2001ರಲ್ಲಿ ಮುಚ್ಚಿತು. ಅಲ್ಲಿಯ ಲೈನ್ ಮನೆಗಳಲ್ಲಿ ಉಳಿದವರು ಬಹುಪಾಲು ದಲಿತರು. ಹಿಂದೆ ತಮಿಳು, ತೆಲುಗು ಸೀಮೆಗಳಿಂದ ಸುರಂಗಕ್ಕೆ ಇಳಿಯಲು ಬಂದವರ ಮಕ್ಕಳು ಮೊಮ್ಮಕ್ಕಳು. ಸಿಲಿಕಾ ದೂಳಿನಿಂದ ಶ್ವಾಸಕೋಶ ಕಳೆದುಕೊಂಡ ಅಪ್ಪಂದಿರು, ಗಾಳಿ ಬೀಸಿದಾಗಲೆಲ್ಲ ಮನೆಯೊಳಗೆ ಬರುವ ಸಯನೈಡ್ ದಿಬ್ಬದ ಮಣ್ಣು, ಬೆಳಗಿನ ರೈಲಿನಲ್ಲಿ ಕೂಲಿಗೆ ಬೆಂಗಳೂರಿಗೆ ಹೋಗುವ ಸಾವಿರಾರು ಜನ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದಾಗ ಅದು ಮೊದಲು ಹೋದದ್ದು ಇದೇ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ.

2012ರ ನವೆಂಬರಿನಲ್ಲಿ ಕೂಡಂಕುಳಂ ಮೊಕದ್ದಮೆಯಲ್ಲಿ ತ್ಯಾಜ್ಯ ಎಲ್ಲಿಡುತ್ತೀರಿ ಎಂಬ ಪ್ರಶ್ನೆ ಬಂದಾಗ ಕೋಲಾರದ ಖಾಲಿ ಗಣಿಯ ಹೆಸರು ಬಾಯಿಗೆ ಬಂತು. ಕೋಲಾರ ಹೊತ್ತಿಕೊಂಡಿತು, ಬೆಂಗಳೂರಿನ ಕ್ಯಾಮೆರಾಗಳೆಲ್ಲ ಅಲ್ಲಿಗೆ ಓಡಿದವು. ಅಂಥ ಯೋಜನೆ ಇಲ್ಲ ಎಂದು ಕೆಲವೇ ದಿನಗಳಲ್ಲಿ ಹೇಳಿಕೆ ಹೊರಬಿತ್ತು. ಕೆಜಿಎಫ್‌ನಿಂದ ವಿಧಾನಸೌಧಕ್ಕೆ ನೂರು ಕಿಲೋಮೀಟರ್, ಗೋಗಿಯಿಂದ ಐನೂರರ ಹತ್ತಿರ. ಅಳಿಯನಿಗೆ ಇದನ್ನು ಹೇಳಿದೆ. ತ್ಯಾಜ್ಯಕ್ಕೆ ತಾಂತ್ರಿಕ ಪರಿಹಾರ ಇದೆ ಮಾವ, ಒಳ್ಳೆಯ ಬಂಡೆ ಇರುವ ಜಾಗ ಸಿಗಬೇಕು ಅಷ್ಟೇ ಎಂದ. ಒಳ್ಳೆಯ ಬಂಡೆ ಬೆಂಗಳೂರಿನ ಲಾಲ್‌ಬಾಗಿನಲ್ಲೂ ಇದೆ ಎಂದೆ. ನಕ್ಕ. ಆಮೇಲೆ ಇಬ್ಬರೂ ಊಟಕ್ಕೆ ಎದ್ದೆವು.